ನಾಲ್ಕು ವರ್ಷ ತಡವಾಗಿ ಬಂದ ನಂಬರ್ ಒನ್

ಮೊನ್ನೆ ಅಕ್ಕನ ಮಗಳು ಮನೆಗೆ ಬಂದಿದ್ದಳು. ಊಟದ ನಡುವೆಯೂ ಗಡಿಯಾರದ ಮೇಲೇ ಕಣ್ಣು. ಸರಿಯಾಗಿ ಎರಡೂವರೆಗೆ ಎಡಗೈಲಿ ಫೋನ್ ಎತ್ತಿ ಹಾಡು ಹಾಕಿದಳು. "ಚಿಕ್ಕಮ್ಮ, ಕೊರಿಯಾದಲ್ಲಿ ಈಗ ಸಂಜೆ ಆರು. ಹೊಸ ಹಾಡು ಬಿಡೋ ಹೊತ್ತು" ಅಂದಳು. ಯಾವ ತಂಡದ್ದು ಮೊದಲ ವಾರ ಎಷ್ಟು ಆಲ್ಬಂ ಹೋಯಿತು ಅನ್ನೋದು ಅವಳಿಗೆ ಬಾಯಿಪಾಠ. 2020ರಲ್ಲಿ ಕೊರಿಯಾದ ಬಿಟಿಎಸ್ ತಂಡದ 'ಡೈನಮೈಟ್' ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಒಂದನೇ ಸ್ಥಾನಕ್ಕೆ ಹೋದ ದಿನ ಅವಳು ಅತ್ತೇಬಿಟ್ಟಿದ್ದಳು. ಅದಕ್ಕೆ ಕಾರಣವೂ ಇತ್ತು. 2012ರಲ್ಲಿ ಕೊರಿಯಾದ್ದೇ ಹಾಡು 'ಗಂಗ್ನಮ್ ಸ್ಟೈಲ್' ಜಗತ್ತನ್ನೇ ಕುಣಿಸಿದರೂ ಅದೇ ಪಟ್ಟಿಯಲ್ಲಿ ಏಳು ವಾರ ಎರಡನೇ ಸ್ಥಾನದಲ್ಲೇ ನಿಂತಿತ್ತು. ಆ ಒಂದು ಮೆಟ್ಟಿಲು ಹತ್ತೋಕೆ ಎಂಟು ವರ್ಷ ಹಿಡಿಯಿತು.

ಆದರೆ ನನ್ನ ಮನಸ್ಸಲ್ಲಿ ಕೂತಿರುವ ದಾಖಲೆ ಬೇರೆ. ಬ್ರೇವ್ ಗರ್ಲ್ಸ್ ಎಂಬ ತಂಡದ 'ರೋಲಿನ್'.

2017ರ ಮಾರ್ಚ್‌ನಲ್ಲಿ ಬಂದ ಹಾಡು. ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ದೊಡ್ಡ ವೇದಿಕೆಗಳು ಕರೆಯದಿದ್ದಾಗ ಈ ಹೆಣ್ಣುಮಕ್ಕಳು ಸೇನಾ ಶಿಬಿರಗಳಿಗೆ ಹೋಗಿ ಹಾಡಿದರು. ಉತ್ತರ ಕೊರಿಯಾ ಗಡಿಯ ಅಂಚಿನಲ್ಲಿರುವ ಬೇಂಗ್ನ್ಯೊಂಗ್ ದ್ವೀಪಕ್ಕೂ ಹಡಗು ಹತ್ತಿ ಹೋದರು. ದಕ್ಷಿಣ ಕೊರಿಯಾದಲ್ಲಿ ಗಂಡುಮಕ್ಕಳಿಗೆ ಸೇನಾ ಸೇವೆ ಕಡ್ಡಾಯ. ಸೇವೆ ಮುಗಿಸಿ ಮನೆಗೆ ಹೊರಟವರು ಹೊಸದಾಗಿ ಬಂದ ಹುಡುಗರಿಗೆ ಕೆಲಸ ವಹಿಸಿಕೊಡುವ ಹಾಗೆ ಈ ಹಾಡನ್ನೂ ವಹಿಸಿಕೊಟ್ಟರು. ಚಾರ್ಟಿನಲ್ಲಿ ಹೆಸರೇ ಇಲ್ಲದ ಹಾಡು ಬ್ಯಾರಕ್‌ಗಳಲ್ಲಿ ಉಸಿರಾಡುತ್ತಿತ್ತು!

2021ರ ಫೆಬ್ರವರಿ ಹೊತ್ತಿಗೆ ತಂಡವನ್ನೇ ಮುಚ್ಚುವ ಮಾತು ನಡೆದಿತ್ತು. ಒಟ್ಟಿಗೆ ಇದ್ದ ಮನೆಯಿಂದ ಸಾಮಾನೂ ಖಾಲಿಯಾಗಿತ್ತು. ಅಷ್ಟರಲ್ಲಿ ಯಾರೋ ಹಳೆಯ ಸೇನಾ ಕಾರ್ಯಕ್ರಮಗಳ ತುಣುಕುಗಳನ್ನು ಜೋಡಿಸಿ ಯೂಟ್ಯೂಬಿಗೆ ಹಾಕಿದರು. ಆ ವಿಡಿಯೋದಲ್ಲಿ ನನ್ನ ಕಣ್ಣು ಹೋಗೋದು ವೇದಿಕೆ ಮುಂದಿನ ಹುಡುಗರ ಕಡೆಗೆ. ಸಮವಸ್ತ್ರದಲ್ಲೇ ಎದ್ದು ನಿಂತು, ಗಂಟಲು ಹರಿಯುವ ಹಾಗೆ ಪ್ರತಿ ಸಾಲಿಗೂ ದನಿಗೂಡಿಸುತ್ತಾರೆ. ಕೆಲವೇ ದಿನಗಳಲ್ಲಿ, ಅಂದರೆ ಮಾರ್ಚ್‌ನಲ್ಲಿ, ಹಾಡು ಕೊರಿಯಾದ ದೊಡ್ಡ ಸಂಗೀತ ಸೇವೆ ಮೆಲನ್‌ನಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಹಳೆಯ ಹಾಡು ಹೀಗೆ ತಡವಾಗಿ ಮೇಲೇರುವುದಕ್ಕೆ ಅಲ್ಲಿನವರು ಹೇಳೋದು 'ಯೊಕ್‌ಜುಹೇಂಗ್'. ರಸ್ತೆಯಲ್ಲಿ ವಾಹನ ತಪ್ಪು ದಿಕ್ಕಿನಲ್ಲಿ ಬಂದರೂ ಅದೇ ಮಾತು.

ಮೊದಲ ವಾರದ ಲೆಕ್ಕವನ್ನು ನಾನು ಹೀಗಳೆಯುತ್ತಿಲ್ಲ. 2023ರಲ್ಲಿ ಸೆವೆಂಟೀನ್ ತಂಡದ ಆಲ್ಬಂ ಒಂದೇ ವಾರದಲ್ಲಿ 45 ಲಕ್ಷ ಪ್ರತಿ ದಾಟಿತ್ತು. ಅಭಿಮಾನಿಗಳ ಆ ಶ್ರಮ, ಆ ಪ್ರೀತಿ ಸುಳ್ಳಲ್ಲ. ಆದರೆ ಒಂದೊಂದು ಆಲ್ಬಂನೊಳಗೆ ಕಲಾವಿದರ ಚಿತ್ರವಿರುವ ಬೇರೆ ಬೇರೆ ಫೋಟೋಕಾರ್ಡ್ ಇಟ್ಟು, ಕಲಾವಿದರನ್ನು ಭೇಟಿಯಾಗುವ ಲಾಟರಿಯನ್ನೂ ಅದಕ್ಕೇ ಕಟ್ಟಿದರೆ ಒಬ್ಬ ಹುಡುಗಿ ಒಂದೇ ಆಲ್ಬಂನ ಹತ್ತು ಪ್ರತಿ ಕೊಳ್ಳುತ್ತಾಳೆ. ಆ ಹತ್ತರಲ್ಲಿ ಕೇಳುವುದು ಒಂದನ್ನೋ, ಅದೂ ಇಲ್ಲವೋ. ಪಾಕೆಟ್‌ಮನಿ ಉಳಿಸಿ ಕೊಳ್ಳುವ ಮಕ್ಕಳ ಮೇಲೆ ಕಂಪನಿಗಳು ಇಷ್ಟು ಭಾರ ಹಾಕುವುದು ತಪ್ಪು ಅಂತ ನಾನು ಖಂಡಿತ ಹೇಳುತ್ತೇನೆ. ಅದರಿಂದ ಬರುವ ಸಂಖ್ಯೆ ಅಭಿಮಾನದ ಅಳತೆ. ಹಾಡು ಜನರ ಬಾಯಿಗೆ ಬಂತೋ ಇಲ್ಲವೋ ಅನ್ನೋದನ್ನು ಅದು ತೋರಿಸುವುದಿಲ್ಲ.

2012ರ 'ಚೆರ್ರಿ ಬ್ಲಾಸಮ್ ಎಂಡಿಂಗ್' ಹಾಡು ನೋಡಿ. ವಸಂತ ಬಂದು ಚೆರ್ರಿ ಹೂ ಅರಳಿತೆಂದರೆ ಮತ್ತೆ ಚಾರ್ಟಿಗೆ ಬರುತ್ತಿತ್ತು, ವರ್ಷ ವರ್ಷವೂ. ಅದು ತರುವ ದುಡ್ಡಿಗೆ ಜನ 'ಚೆರ್ರಿ ಹೂವಿನ ಪಿಂಚಣಿ' ಅಂತಲೇ ಹೆಸರಿಟ್ಟರು.

ಅವತ್ತು ರಾತ್ರಿ ಅಕ್ಕನ ಮಗಳಿಗೆ ಆ ಸೈನಿಕರ ವಿಡಿಯೋ ತೋರಿಸಿದೆ. ಮೂರು ಸಲ ನೋಡಿದಳು. "ಚಾರ್ಟ್ ಏರಿಸೋಕೆ ಇದನ್ನ ಮತ್ತೆ ಮತ್ತೆ ಸ್ಟ್ರೀಮಿಂಗ್ ಮಾಡಿಸಿದ್ದು ಯಾರು ಚಿಕ್ಕಮ್ಮ?" ಅಂದಳು. ಸ್ಕ್ರೀನಿನಲ್ಲಿ ಕುಣಿಯುತ್ತಿದ್ದ ಆ ಹುಡುಗರನ್ನೇ ತೋರಿಸಿದೆ.