ಬಟವಾಡೆ ಸಂಜೆ ಜೊತೆಗಿರುವವರು

"ಹೌದೇನಪ್ಪಾ, ಈ ಕೆಲಸಕ್ಕೆ ಅಲ್ಲಿ ಸಂಬಳ ಕೊಡ್ತಾರಾ?"

ಕಳೆದ ಜನವರಿಯಲ್ಲಿ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಕೇಳಿದವರಿಗೆ ಅರವತ್ತರ ಹತ್ತಿರ. ಕಾಫಿ ತೋಟದಲ್ಲಿ ಕೆಲಸ. ಕುಡಿತ ಬಿಟ್ಟು ಒಂಬತ್ತು ವರ್ಷ. ಅವರ ಪಕ್ಕ ಕೂತಿದ್ದ ಹುಡುಗ ಬಿಟ್ಟು ಇನ್ನೂ ಇಪ್ಪತ್ತಮೂರು ದಿನ. ಅವತ್ತು ಹುಡುಗನಿಗೆ ಬಟವಾಡೆ. ದುಡ್ಡು ಕೈಗೆ ಬಂದ ಸಂಜೆ ಅವನೊಬ್ಬನೇ ಇರಬಾರದು ಅಂತ ಇವರು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಜೊತೆಗೇ ಹೋಗಿ ಮನೆ ಸಾಮಾನು ತರಿಸಿದ್ದರು. ಬಸ್ ಬಂದಾಗ ಹುಡುಗನನ್ನು ಕಿಟಕಿ ಪಕ್ಕ ಕೂರಿಸಿ ತಾವು ಈಚೆ ಕೂತರು. ದಾರಿಯಲ್ಲಿ ವೈನ್ ಶಾಪ್ ಸಿಗುತ್ತದೆ. ಅವನು ಇಳಿಯಬೇಕಾದರೆ ಇವರನ್ನು ದಾಟಿಯೇ ಇಳಿಯಬೇಕು.

ನಾನು ಹುಟ್ಟಿದ್ದು ಅದೇ ತಾಲ್ಲೂಕಿನಲ್ಲಿ. ಈಗ ಇರುವುದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಕುಡಿತದಿಂದ ಕೆಲಸ ಹೋಯಿತು, ಮನೆ ಹೋಗುವುದೂ ಸ್ವಲ್ಪದರಲ್ಲಿ ತಪ್ಪಿತು. ಬಿಟ್ಟು ಹನ್ನೊಂದು ವರ್ಷವಾಯಿತು. ಈಗ ಚಟದಿಂದ ಹೊರಬರುತ್ತಿರುವವರ ಜೊತೆಗಿರುವುದೇ ನನ್ನ ಉದ್ಯೋಗ. ಪೆನ್ಸಿಲ್ವೇನಿಯಾದಲ್ಲಿ ಇದಕ್ಕೆ ಸರ್ಟಿಫೈಡ್ ರಿಕವರಿ ಸ್ಪೆಷಲಿಸ್ಟ್ ಅನ್ನುತ್ತಾರೆ. ತರಬೇತಿ ಇದೆ, ಪರೀಕ್ಷೆ ಇದೆ. ಆದರೆ ಮೊದಲ ಅರ್ಹತೆ ಅಂದರೆ, ನೀವೇ ಚಟದಿಂದ ಹೊರಬಂದಿರಬೇಕು. ಬೇರೆ ಕಡೆ ಅರ್ಜಿ ಹಾಕುವಾಗ ನಾನು ಮುಚ್ಚಿಡುತ್ತಿದ್ದ ಸಂಗತಿಯನ್ನೇ ಇಲ್ಲಿ ಅರ್ಹತೆ ಅಂತ ಬರೆಸಿಕೊಂಡರು. ಆ ದಿನ ಮನೆಗೆ ಬಂದು ಅತ್ತಿದ್ದೆ.

ಸಂಬಳ ಹೇಗೆ ಬಂತು ಅಂದರೆ, 2007ರ ಆಗಸ್ಟ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಒಂದು ಪತ್ರ ಬರೆಯಿತು. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್ ಹಣದಿಂದ ಇಂಥವರಿಗೆ ಸಂಬಳ ಕೊಡಬಹುದು, ಆದರೆ ತರಬೇತಿ, ಸರ್ಟಿಫಿಕೇಟ್, ಮೇಲ್ವಿಚಾರಣೆ ಇರಬೇಕು ಅಂತ. ಅದೇ ವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ, ಹೆಂಗಸರು ಎಷ್ಟು ಖುಷಿಪಟ್ಟಿದ್ದರು ಅಂತ ಅಮ್ಮ ಫೋನಿನಲ್ಲಿ ಹೇಳಿದ್ದು ನೆನಪಿದೆ. ಆಮೇಲೆ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ವಿಸ್ಕಿ ನೈಂಟಿ ಬಂತು. ನಾವು ಅಂಗಡಿ ಮುಚ್ಚಿದೆವು. ಕುಡಿಯುವವನ ಪಕ್ಕ ಒಬ್ಬರನ್ನು ಕೂರಿಸಲಿಲ್ಲ.

ಹಾಗಂತ ಊರಲ್ಲಿ ಏನೂ ಇಲ್ಲ ಅಂತಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಹಾಸನ, ಚಿಕ್ಕಮಗಳೂರು ಕಡೆ ಯಾರಿಗೆ ಗೊತ್ತಿಲ್ಲ? ಎಂಟು ದಿನದ ಶಿಬಿರ. ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಗುಂಪು. ಬಿಟ್ಟವರು ಕೂತು, ಬಿಡುತ್ತಿರುವವರ ಮಾತು ಕೇಳುವ ಜಾಗ. ನಾನು ಸರ್ಟಿಫಿಕೇಟ್ ತಗೊಂಡು ಕಲಿತದ್ದನ್ನು ಬಸ್ ಸ್ಟ್ಯಾಂಡಿನ ಆ ಯಜಮಾನರು ಆ ಗುಂಪಿನಲ್ಲೇ ಕಲಿತಿದ್ದಾರೆ.

ಎರಡೂ ಕಡೆ ನೋಡಿದವನಿಗೆ ಜಾಸ್ತಿ ಕಾಣುವ ವ್ಯತ್ಯಾಸ ಮನೆಯದು. ಅಲ್ಲಿ ನನ್ನ ಸಮಯಕ್ಕೆ ಹದಿನೈದು ನಿಮಿಷದ ಲೆಕ್ಕ. ಸಾಲ ಕೊಡುವ ಹಾಗಿಲ್ಲ, ಉಡುಗೊರೆ ತಗೊಳ್ಳುವ ಹಾಗಿಲ್ಲ. ಆ ವ್ಯಕ್ತಿ ಬರೆದು ಒಪ್ಪಿಗೆ ಕೊಡದೆ ಅವನ ಹೆಂಡತಿಗೂ ನಾನು ಏನೂ ಹೇಳುವಂತಿಲ್ಲ, ಅದು ಕಾನೂನು. ಊರಲ್ಲಾದರೆ ಯಜಮಾನರು ಸೀದಾ ಅಡುಗೆಮನೆ ಬಾಗಿಲಿಗೇ ಹೋಗಿ, "ಏನವ್ವಾ, ರಾತ್ರಿ ನಿದ್ದೆ ಮಾಡಿದ್ನಾ?" ಅಂತ ಕೇಳುತ್ತಾರೆ. ಹೆಂಡತಿ, ತಾಯಿ, ಅಣ್ಣ ಎಲ್ಲರೂ ಸೇರುತ್ತಾರೆ. ಇದು ನಮ್ಮ ದೊಡ್ಡ ಶಕ್ತಿ. ಅಮೆರಿಕದಲ್ಲಿ ಎಷ್ಟೋ ಜನಕ್ಕೆ ಹಾಗೆ ಕೇಳುವವರೇ ಇಲ್ಲ.

ಆದರೆ ಗುಟ್ಟು ಉಳಿಯಬೇಕಾದವರ ಗತಿ ಏನು? ಲೈನ್ ಮನೆಗಳಲ್ಲಿ ಹೆಂಗಸರೂ ಕುಡಿಯುತ್ತಾರೆ. ಚಳಿ, ಮಳೆ, ಮೈಕೈ ನೋವು ಅಂತ ಶುರುವಾಗುತ್ತದೆ. ನಾನು ಹೋದ ಸಭೆಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಊರಿಗೆಲ್ಲ ಗೊತ್ತಾಗುತ್ತೆ ಅಂದರೆ ಅವರು ಹೇಗೆ ಬರುತ್ತಾರೆ? ಅವರ ಹತ್ತಿರ ಹೋಗಬೇಕಾದವಳು, ಕುಡಿದು ಬಿಟ್ಟ ಇನ್ನೊಬ್ಬ ಹೆಂಗಸು. ಇಲ್ಲಿ ಮಾತ್ರ ಅಮೆರಿಕದ ಕಾನೂನೇ ಸರಿ ಅನಿಸುತ್ತದೆ ನನಗೆ.

ಆಣೆಯ ವಿಷಯವನ್ನೂ ಹೇಳಬೇಕು. ದೇವರ ಮುಂದೆ ಆಣೆ ಮಾಡಿ ಬಿಟ್ಟವರು ಸಾವಿರಾರು ಜನ ಇದ್ದಾರೆ, ಆ ಭಕ್ತಿಗೆ ನಾನು ಕೈ ಮುಗಿಯುತ್ತೇನೆ. ಕಷ್ಟ ಬರುವುದು ಜಾರಿದಾಗ. ಆಣೆ ಮುರಿದೆ, ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡು ಮನುಷ್ಯ ಅಡಗಿಕೊಳ್ಳುತ್ತಾನೆ. ಆಮೇಲೆ ಮೊದಲಿಗಿಂತ ಜಾಸ್ತಿ ಕುಡಿಯುತ್ತಾನೆ. ನಮಗೆ ತರಬೇತಿಯಲ್ಲಿ ಕಲಿಸುವುದೇ ಇದು: ಜಾರಿದ ದಿನವೇ ಬಾ, ಬೈಯುವುದಿಲ್ಲ, ನಾಳೆ ಮತ್ತೆ ಒಂದನೇ ದಿನ. ನಾನೇ ಮೂರು ಸಲ ಜಾರಿದ್ದೇನೆ. ಮೂರನೇ ಸಲ ಒಬ್ಬರು ಬಾಗಿಲು ತಟ್ಟದಿದ್ದರೆ ಇವತ್ತು ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ತರಬೇತಿ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಪ್ರಾಣದ್ದು. ದಿನಾ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು. ಅದು ದೆವ್ವವಲ್ಲ. ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ, ಮಾತ್ರೆಗಳಂತೂ ದಯವಿಟ್ಟು ಬೇಡ. ಕೆಲವು ಮಾತ್ರೆಗಳ ಮೇಲೆ ಕುಡಿದರೆ ಜೀವಕ್ಕೇ ಅಪಾಯ. ಜೊತೆಗಾರ ಡಾಕ್ಟರಲ್ಲ. ಆದರೆ ಯಾವಾಗ ಡಾಕ್ಟರ ಹತ್ತಿರ ಓಡಬೇಕು ಅನ್ನುವುದು ಅವನಿಗೆ ಗೊತ್ತಿರಬೇಕು.

ಸಂಬಳ ಕೊಟ್ಟರೆ ಸೇವೆ ಹಾಳಾಗುತ್ತದೆ ಅಂತ ನನ್ನ ಚಿಕ್ಕಪ್ಪ ವಾದ ಮಾಡಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಕುಡಿತ ಬಿಟ್ಟವರ ಸಂಘ 1935ರಲ್ಲಿ ಶುರುವಾಗಿದ್ದು, ಇವತ್ತಿಗೂ ಅಲ್ಲಿ ಒಬ್ಬ ಕುಡಿತ ಬಿಟ್ಟವನು ಇನ್ನೊಬ್ಬನಿಗೆ ಪುಕ್ಕಟೆಯಾಗಿಯೇ ಜೊತೆ ಕೊಡುತ್ತಾನೆ. ಅದು ಹಾಗೇ ಇರಲಿ. ಆದರೆ ಸಭೆಗೆ ಬರುವುದು ಬೇರೆ, ಕೂಲಿ ಬಿಟ್ಟು ಒಬ್ಬನ ಹಿಂದೆ ಸಂಜೆತನಕ ತಿರುಗುವುದು ಬೇರೆ ಅಲ್ವಾ? ಏಮ್ಸ್‌ನವರ 2019ರ ರಾಷ್ಟ್ರೀಯ ವರದಿ ಪ್ರಕಾರ, ನಮ್ಮ ದೇಶದಲ್ಲಿ ಮದ್ಯದ ಚಟಕ್ಕೆ ಸಿಕ್ಕ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಅಥವಾ ಸಹಾಯ ಸಿಕ್ಕಿದೆ. ಉಳಿದ 37 ಜನರ ಮನೆ ಬಾಗಿಲಿಗೆ ಹೋಗಬಲ್ಲವರು ಇಂಥ ಯಜಮಾನರೇ.

ಸರ್ಕಾರ ಜಿಲ್ಲಾ ಆಸ್ಪತ್ರೆಯಲ್ಲಿ ಇವರಿಗೆ ಹುದ್ದೆ ಕೊಡಲಿ ಅಂತ ಕೇಳುತ್ತಲೇ ಇರುತ್ತೇನೆ. ಅದಕ್ಕೆ ವರ್ಷಗಳೇ ಬೇಕಾಗಬಹುದು. ಅಲ್ಲಿಯವರೆಗೆ ಸಕಲೇಶಪುರ, ಬೇಲೂರು, ಮೂಡಿಗೆರೆ, ಆಲ್ದೂರು ಕಡೆಯ ತೋಟದ ಮಾಲೀಕರಲ್ಲಿ ಒಂದು ಬೇಡಿಕೆ. ನಿಮ್ಮ ತೋಟದಲ್ಲೂ ಕುಡಿತ ಬಿಟ್ಟ ಒಬ್ಬರು ಇದ್ದೇ ಇರುತ್ತಾರೆ. ಬಟವಾಡೆ ದಿನ ಅವರು ಹೊಸಬನೊಬ್ಬನ ಜೊತೆಗೆ ಹೋಗುತ್ತೇನೆ ಅಂದರೆ ಕಳಿಸಿಕೊಡಿ. ಆ ಅರ್ಧ ದಿನಕ್ಕೂ ಹಾಜರಿ ಹಾಕಲು ರೈಟರಿಗೆ ಹೇಳಿ.