ಹಳೆ ವಾಚು, ಹೊಸ ಡಯಲ್

ದುಬಾರಿ ವಾಚು ಚಿನ್ನವಿದ್ದ ಹಾಗೆ, ಇಟ್ಟುಕೊಂಡರೆ ಬೆಲೆ ಏರುತ್ತದೆ ಅಂತ ಬರೆದಿದ್ದೀರಿ. ರೋಲೆಕ್ಸ್‌ನ ಕೆಲವು ಮಾಡೆಲ್‌ಗಳಿಗೆ ಸರಿ. ಉಳಿದ ಬಹುಪಾಲು ವಾಚುಗಳು ಅಂಗಡಿಯ ಹೊಸ್ತಿಲು ದಾಟುತ್ತಲೇ ಅಗ್ಗವಾಗುತ್ತವೆ.

ನಾನು ಮುಂಬೈಯ ಮಾಟುಂಗಾದವನು. ಇಲ್ಲಿನ ಹಳೇ ಸಾಮಾನಿನ ಸಂತೆ ಚೋರ್ ಬಜಾರಿನಲ್ಲಿ ಹಳೇ ಒಮೆಗಾ (ಸ್ವಿಸ್ ವಾಚು) ಅಂತ ಒಂದನ್ನು ಕೊಂಡು ಟೋಪಿ ಹಾಕಿಸಿಕೊಂಡಿದ್ದೇನೆ. ಡಯಲ್ ಫಳಫಳ ಅಂತಿತ್ತು. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಅಕ್ಷರಗಳು ದಪ್ಪ, ನಿಮಿಷದ ಗೆರೆಗಳು ಸೊಟ್ಟ. ಹಳೇ ಡಯಲ್‌ಗೆ ಹೊಸ ಬಣ್ಣ ಬಳಿದಿದ್ದರು! ಇಂಥವಕ್ಕೆ ಹೊರದೇಶದ ಸಂಗ್ರಾಹಕರು 'ಮುಂಬೈ ಸ್ಪೆಷಲ್' ಅಂತಲೇ ಹೆಸರಿಟ್ಟಿದ್ದಾರೆ. ನಮ್ಮೂರಿಗೆ ಎಂಥಾ ಕೀರ್ತಿ, ಅಲ್ವಾ?

ಸರ್ವಿಸ್ ಖರ್ಚಿನ ಮಾತೇ ಎತ್ತಿಲ್ಲ ನೀವು. ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ವಾಚನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಇಲ್ಲಿನ ಮಳೆಗಾಲದಲ್ಲಿ ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುವುದು ಬೇರೆ.

ಈಗ ಕೈಯಲ್ಲಿರುವುದು ಅಪ್ಪನ ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಅದೇ ಎಚ್‌ಎಂಟಿ. ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಕೀ ಕೊಟ್ಟುಬಿಡುತ್ತೇನೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ನಮ್ಮ ಲೋಕಲ್ ರೈಲು ಅದಕ್ಕಿಂತ ಜಾಸ್ತಿ ತಡ ಬರುತ್ತದೆ, ಬಿಡಿ.