ನಾಲ್ಕಕ್ಕೆ ಸ್ವಲ್ಪ ನಿಲ್ಲಿ ಮಾರಾಯ್ರೇ!

ಸಾಲ್ಸಾ ನೃತ್ಯ ಅಂದ್ರೆ ಪ್ರಾಣ ಅನ್ನೋರಿಗೆ ಬರ ಇಲ್ಲ. ಕುಣಿಯೋಕೆ ಇಳಿದರೆ ಎಂಟು ಎಣಿಕೆಗೆ ಎಂಟೂ ಹೆಜ್ಜೆ! ಹೆಜ್ಜೆ ಇರೋದು 1, 2, 3ಕ್ಕೆ, ಆಮೇಲೆ 5, 6, 7ಕ್ಕೆ. 4 ಮತ್ತು 8ರಲ್ಲಿ ಹೊಸ ಹೆಜ್ಜೆ ಇಲ್ಲ. ಆಗಷ್ಟೇ ಇಟ್ಟ ಕಾಲಿನ ಮೇಲೆ ಮೈಭಾರ ಪೂರ್ತಿ ಕೂರಬೇಕು. ಆ ಬಿಡುವನ್ನು ನುಂಗಿದರೆ 5ರ ಹೆಜ್ಜೆ 4ಕ್ಕೇ ಬಿದ್ದು, ಜೋಡಿಯ ಕಾಲು ತುಳಿಯೋದು ಖಾತ್ರಿ. ಕಾಂಗಾ ಅನ್ನೋ ಉದ್ದ ಡೋಲಿನ ತೆರೆದು ಮೊಳಗೋ ಜೋಡಿಪೆಟ್ಟು ಕೇಳೋದೂ ಆ 4, 8ರಲ್ಲೇ, ಕಿವಿ ಕೊಡಬೇಕಷ್ಟೆ. ಹಾಡಿನ ಬೆನ್ನೆಲುಬಾದ ತಾಳಕ್ಕೆ ಕ್ಲಾವೆ ಅಂತಾರೆ. ಮೊದಲು ಎರಡು, ಆಮೇಲೆ ಮೂರು ಪೆಟ್ಟಿನ 2-3 ಸೋನ್ ಕ್ಲಾವೆ ಆದರೆ ಪೆಟ್ಟು 2, 3, 5, ಆರೂವರೆ, 8ಕ್ಕೆ. ಇರೋದೇ ಐದು, ಚಪ್ಪಾಳೆ ತಟ್ಟಿ ಕಲಿಯಬಹುದು. ಅದು ಬೇಡ, ಹೊಸ ಹೊಸ ಟರ್ನ್ ಮಾತ್ರ ಬೇಕು!

ಆ ಟರ್ನ್‌ನಲ್ಲೂ ಹೆಬ್ಬೆರಳಿಂದ ಕೈ ಅದುಮಿ ಹಿಡಿಯೋದು. ಬಿಗಿ ಹಿಡಿತದೊಳಗೆ ಜೋಡಿಯ ಕೈ ತಿರುಗಲ್ಲ, ತಿರುಚಿಕೊಳ್ಳೋದು ಮಣಿಕಟ್ಟು, ಭುಜ. ಬೆರಳುಗಳು ಕೊಕ್ಕೆಯಂತೆ ಸಡಿಲ ಇರಲಿ, ಹೆಬ್ಬೆರಳು ದೂರ. ಕೈ ಅವರ ತಲೆಯ ನೇರಕ್ಕೆ, ತುಸು ಮೇಲೆ ಇರಬೇಕು. ಬದಿಗೆ ಎಳೆದರೆ ಅವರ ಸಮತೋಲ ಹೋಯ್ತು. ಇನ್ನು ಆ ಮಾರುದ್ದದ ಹೆಜ್ಜೆ... ವೇಗದ ಹಾಡಿಗೆ ಪಾದದಷ್ಟು ಅಂತರ ಸಾಕು.

ದಿಕ್ಕು ಬದಲಿಸೋ ಹೆಜ್ಜೆ 1ಕ್ಕೋ (ಆನ್ 1), 2ಕ್ಕೋ (ಆನ್ 2) ಅಂತ ಜಗಳಕ್ಕೆ ಬರೋ ಮುಂಚೆ, ಹಾಡಿನಲ್ಲಿ ಆ 1 ಎಲ್ಲಿದೆ ಅಂತಾದ್ರೂ ಹುಡುಕ್ರಪ್ಪಾ.